ಕಂಪ್ಯೂಟರ್ ಏಳುವತನಕ ಚಹಾ

ನಮ್ಮ ಅಂಗಡಿಯ ಕಂಪ್ಯೂಟರಿಗೆ ಬೆಳಿಗ್ಗೆ ಏಳುವುದೆಂದರೆ ಜೀವಕ್ಕೆ ಬರುತ್ತಿತ್ತು. ಗುಂಡಿ ಒತ್ತಿದರೆ ಮೊದಲು ಡಬ್ಬಿಯೊಳಗೆ ಫ್ಯಾನು ಗೊರ್ ಅನ್ನುವುದು, ಆಮೇಲೆ ಪರದೆಯ ಮೇಲೆ ಚುಕ್ಕಿಗಳ ಒಂದು ಚಕ್ರ ಹುಟ್ಟುವುದು. ಆ ಚಕ್ರ ತಿರುಗುವುದನ್ನು ನೋಡುತ್ತ ಕೂತರೆ ಎಂಥವರಿಗೂ ವೈರಾಗ್ಯ ಬರಬೇಕು. ನನಗೆ ವೈರಾಗ್ಯ ಬರಲಿಲ್ಲ, ಸಿಟ್ಟು ಬಂತು. ನನಗೆ ಮೊದಲಿನಿಂದಲೂ ಬೇಗ ಬರುವುದು ಅದೊಂದೇ.

ಅಂಗಡಿ ಇರುವುದು ರಾಯಬಾಗದ ಬಸ್ ಸ್ಟ್ಯಾಂಡಿನ ರಸ್ತೆಯಲ್ಲಿ, ಗೊಬ್ಬರದ ಅಂಗಡಿಗೂ ಪಂಕ್ಚರ್ ಅಂಗಡಿಗೂ ನಡುವೆ. ಹೊಲದ ಉತಾರ ಅಂದರೆ ಪಹಣಿ ತೆಗೆದುಕೊಡುವುದು, ಝೆರಾಕ್ಸ್, ಆನ್‌ಲೈನ್ ಅರ್ಜಿ, ಮತ್ತೆ ಕನ್ನಡ ಮರಾಠಿ ಎರಡರಲ್ಲೂ ಲಗ್ನಪತ್ರಿಕೆ. ನಡೆಸುವವಳು ನಾನು, ಮನೆಯ ಸಣ್ಣ ಸೊಸೆ. ದೊಡ್ಡ ಸೊಸೆ ನನ್ನ ನೆಗೆಣ್ಣಿ. ನಾನು ಅಕ್ಕ ಅಂತ ಕರೆಯುತ್ತೇನೆ. ಎಮ್ಮೆಗಳು, ಡೇರಿಯ ಹಾಲು, ಮೂರು ಹೊತ್ತಿನ ರೊಟ್ಟಿ, ಮಾವನವರ ಔಷಧ ಎಲ್ಲ ಅವಳ ಪಾಲಿಗೆ. ನಮ್ಮಿಬ್ಬರ ತಲೆಯ ಮೇಲೆ ಅತ್ತೆ.

ಅತ್ತೆಯದೊಂದು ಕಾನೂನು ಇತ್ತು. ಬೆಳ್‌ಬೆಳಿಗ್ಗೆ ಗಿರಾಕಿ ಇಲ್ಲದ ಅಂಗಡಿಯಲ್ಲಿ ಹೆಣ್ಣುಮಗಳು ಒಬ್ಬಳೇ ಕೂರುವುದು ಚಂದವಲ್ಲ. "ಮಷೀನ್ ಚಾಲೂ ಆಗೂತನಕ ದೊಡ್ಡಾಕಿ ಜೋಡಿ ಇರ್ಲಿ. ಚಾಲೂ ಆತಂದ್ರ ಸೀದಾ ಮನಿಗಿ ಬರ್ಲಿ." ಹಾಗಾಗಿ ದಿನಾ ನಾನು ಕೀಲಿಕೈ ಹಿಡಿದು ಮುಂದೆ, ಅಕ್ಕ ಥರ್ಮಾಸ್ ಹಿಡಿದು ಹಿಂದೆ. ಶಟರ್ ಎತ್ತಿ, ಕಂಪ್ಯೂಟರಿನ ಹಣೆಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಗುಂಡಿ ಒತ್ತಿ ಬಿಟ್ಟರೆ ಆಯಿತು. ಚಕ್ರ ತಿರುಗತೊಡಗಿತು, ಅಕ್ಕ ಚಪ್ಪಲಿ ಬಿಟ್ಟು ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತಳು, ಕಪ್ಪಿನ ಕೆಳಗಿನ ಬಶಿಗೆ ಚಹಾ ಬಿತ್ತು.

ಆ ಹೊತ್ತಿನಲ್ಲಿ ಅಕ್ಕ ಸುಮ್ಮನೆ ಇರುತ್ತಿರಲಿಲ್ಲ. ಅವಳ ತವರು ಕೊಗನೊಳ್ಳಿ, ಕಲಿತದ್ದು ಮರಾಠಿ ಶಾಲೆಯಲ್ಲಿ. ನಾನು ಹಿಂದಿನ ದಿನ ಮಾಡಿದ ಮರಾಠಿ ಲಗ್ನಪತ್ರಿಕೆಗಳನ್ನೆಲ್ಲ ಅವಳು ಓದಿ ತಪ್ಪು ತೆಗೆಯುತ್ತಿದ್ದಳು. ಅಕ್ಷರದ ತಪ್ಪಿಗಿಂತ ಅವಳಿಗೆ ಸಂಬಂಧಗಳ ತಪ್ಪು ಬೇಗ ಕಾಣುತ್ತಿತ್ತು. "ಇದರಾಗ ಹುಡುಗನ ದೊಡ್ಡ ಸ್ವಾದರಮಾವನ ಹೆಸರ ಸಣ್ಣಾಂವನ ಕೆಳಗ ಬಂದೈತಿ ನೋಡ. ಅಕ್ಕಿಕಾಳ ಬೀಳೂಕಿಂತ ಮೊದಲ ಹೊಡತ ಬೀಳತಾವ." ಅವಳು ಹಾಗಂದ ಮೇಲೆ ನಾನು ಪಾರ್ಟಿಗೆ ಫೋನ್ ಮಾಡಿ ಕೇಳಿದರೆ, ಆ ಕಡೆಯವರು ಗಾಬರಿಯಾಗಿ ಮ್ಯಾಲೆ ತಗೋರಿ ಮ್ಯಾಲೆ ತಗೋರಿ ಅನ್ನುವರು. ನಾವಿಬ್ಬರೂ ಚಹಾ ಚೆಲ್ಲುವಂತೆ ನಗುತ್ತಿದ್ದೆವು.

ಮನೆಗೆ ಹೋಗುವುದು ತಡವಾದ ದಿನ ಅತ್ತೆ ಅಕ್ಕನಿಗೆ ಗಿರಣಿಯ ಪುರಾಣ ತೆಗೆಯುತ್ತಿದ್ದರು. "ಕಾಯೂದು ಅಂದ್ರ ಏನ್ ಅಂತ ನಮ್ಮನ್ನ ಕೇಳ. ಜ್ವಾಳದ ಬುಟ್ಟಿ ಹೊತಗೊಂಡ ಗಿರಣಿಗಿ ಹೋದ್ರ ಕರೆಂಟೇ ಇರ್ತಿರ್ಲಿಲ್ಲ. ಮಧ್ಯಾನ ಪೂರ್ತಿ ಕಲ್ಲಿನ ಮ್ಯಾಲ ಕುಂತ ಕಾದೇವಿ. ಹಿಟ್ಟ ತರೂದರಾಗ ಹೊತ್ತ ಮುಳಗತಿತ್ತ. ಅಂಥಾ ತ್ರಾಸ ನಿಮಗೇನ ಗೊತ್ತವಾ!" ಈ ಪುರಾಣ ನಮಗೆ ಬಾಯಿಪಾಠ. ಅತ್ತೆ ಅತ್ತ ತಿರುಗಿದರೆ ಅಕ್ಕ ಇತ್ತ ತುಟಿ ಆಡಿಸಿ ಅವರ ಹಾಗೇ ಹೇಳಿ ತೋರಿಸುತ್ತಿದ್ದಳು.

ಹೀಗೇ ನಡೆದಿದ್ದರೆ ಚೆನ್ನಾಗಿತ್ತು. ಒಂದು ದಿನ ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಹಳ್ಳಿಯ ರೈತರೊಬ್ಬರು ಹೊತ್ತಿಗೆ ಮುಂಚೆ ಬಂದು ಉತಾರ ಕೇಳಿದರು. ನಾನು ಚಕ್ರ ತೋರಿಸಿ ಕೂರಿಸಿದೆ. ಅವರು ಎಲೆ ಅಡಿಕೆ ಹಾಕಿದರು, ಉಗುಳಿ ಬಂದರು, ಮತ್ತೆ ಹಾಕಿದರು. ಕೊನೆಗೆ ಎದ್ದು ನಿಂತು, "ತಂಗಿ, ನಿನ್ನ ಕಂಪ್ಯೂಟರ್ ಏಳೂದರಾಗ ನನ್ನ ಕಬ್ಬ ಕಟಾವ ಆಗಿ, ಕುಳಿ ಚಿಗಿತು, ಮತ್ತ ಎದಿಮಟ ಬೆಳಿತೈತಿ" ಅಂದು ನಮ್ಮಂಥದೇ ಎದುರಿನ ಅಂಗಡಿಗೆ ಹೋಗಿಬಿಟ್ಟರು. ಎದುರಿನ ಅಂಗಡಿಗೆ!

ಮರುದಿನವೇ ಕಂಪ್ಯೂಟರಿನ ಡಬ್ಬಿಯನ್ನು ಸೀರೆಯ ಸೆರಗಿನಲ್ಲಿ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಬಸ್ ಹತ್ತಿದೆ. ಚಿಕ್ಕೋಡಿಯಲ್ಲಿ ಇಳಿದು ಇನ್ನೊಂದು ಬಸ್ ಹಿಡಿದು ನಿಪ್ಪಾಣಿಗೆ ಹೋದೆ. ದಾರಿಯಲ್ಲಿ ಒಬ್ಬ ಮುದುಕಿ ಕೂಸಿರಬೇಕು ಅಂತ ಸೆರಗು ಸರಿಸಿ ನೋಡಿ ಬೇಜಾರು ಮಾಡಿಕೊಂಡಳು. ರಿಪೇರಿಯವನು ಸ್ಕ್ರೂ ಬಿಚ್ಚಿ, ಒಳಗೆ ಟಾರ್ಚ್ ಬಿಟ್ಟು, ಮೂಗು ಮುರಿದ. "ವೈನಿ, ವಿಷಯ್ ಸಂಪ್ಲಾ, ಮುಗೀತ ಇದರ ಕತಿ. ಇದರಾಗ ಏನೂ ಉಳದಿಲ್ಲ. ಗುಜರಿಗಿ ಹಾಕ್ರಿ, ಹೊಸಾದ ತಗೋರಿ." ನಾನು ಸ್ಕ್ರೂಗಳನ್ನೆಲ್ಲ ಅವನ ಕೈಯಿಂದ ಕಸಿದುಕೊಂಡು, "ನಿಮ್ಮ ಟಾರ್ಚ್ ಮೊದಲ ಗುಜರಿಗಿ ಹಾಕ್ರಿ, ಸರಿಯಾಗಿ ಬೆಳಕ ಬೀಳವಲ್ದು" ಅಂದು ಹೊರಟು ಬಂದೆ.

ಸಿಟ್ಟಿನಿಂದ ನಾನು ಕಲಿತಷ್ಟು ಶಾಲೆಯಿಂದ ಕಲಿತಿಲ್ಲ. ಮೊಬೈಲಿನಲ್ಲಿ ಓದಿ ಓದಿ, ಹಳೆಯ ಯಂತ್ರಗಳಿಗೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದರೆ ಜೀವ ಬರುತ್ತದೆ ಅಂತ ತಿಳಿದುಕೊಂಡೆ. ಪೆನ್‌ಡ್ರೈವಿನಿಂದ ಹಾಕಿಯೂ ಬಿಟ್ಟೆ. ನೋಡಲು ಬಲು ಚಂದ. ಪರದೆಯ ಮೇಲಿನ ಕಿಟಕಿ ಮುಚ್ಚಿದರೆ ಅದು ನಡುಗಿ, ಸಣ್ಣದಾಗಿ, ಹಾರಿ ಮೂಲೆಗೆ ಹೋಗುತ್ತಿತ್ತು. ಅಕ್ಕನಿಗಂತೂ ಹಬ್ಬ. "ಇನ್ನೊಮ್ಮೆ ಹಾರಸ, ಇನ್ನೊಮ್ಮೆ ಹಾರಸ." ಆದರೆ ಏಳುವುದು ಮಾತ್ರ ಮೊದಲಿನಷ್ಟೇ ನಿಧಾನ. ಚಕ್ರದ ಬಣ್ಣ ಬದಲಾಗಿತ್ತು, ಅಷ್ಟೇ.

ಇನ್ನೂ ಓದಿದ ಮೇಲೆ ಗುಟ್ಟು ಹೊರಬಿತ್ತು. ಭಾರ ಲಿನಕ್ಸಿನದಲ್ಲ, ಮೇಲೆ ಹೇರಿದ್ದ ಅಲಂಕಾರದ್ದು. ಲಗ್ನದ ಮನೆಯ ಪೆಂಡಾಲು, ಬ್ಯಾಂಡು, ಲೈಟಿನ ಸರ ಎಲ್ಲ ತೆಗೆದುಹಾಕಿ, ಪಂಗತಿಗೆ ಜನರನ್ನು ಕೂರಿಸುವ ಒಬ್ಬ ಮನುಷ್ಯನನ್ನು ಮಾತ್ರ ಇಟ್ಟುಕೊಂಡರೂ ಊಟ ನಡೆಯುತ್ತದೆ. ಕಂಪ್ಯೂಟರಿನಲ್ಲಿ ಆ ಮನುಷ್ಯನ ಹೆಸರು ವಿಂಡೋ ಮ್ಯಾನೇಜರ್. ಯಾವ ಕಿಟಕಿ ಮುಂದೆ, ಯಾವುದು ಹಿಂದೆ, ಯಾವುದು ಎಷ್ಟು ದೊಡ್ಡದು, ಇಷ್ಟೇ ಅವನ ಕೆಲಸ. ಹಗುರ ಮೈಯವನೊಬ್ಬನನ್ನು ಹುಡುಕಿ ತಂದರೆ ನಮ್ಮ ಮುದಿ ಯಂತ್ರವೂ ಓಡೀತು. ಆದರೆ ಅಂಥವರು ಒಬ್ಬರೇ ಇಬ್ಬರೇ? ಸಂತೆಯೇ ಇತ್ತು. ನಾನು ವರ ನೋಡುವ ಶಾಸ್ತ್ರ ಶುರು ಮಾಡಿದೆ. ಹಿರಿಯಳಾಗಿ ಅಕ್ಕ ಪಕ್ಕದಲ್ಲಿ ಕೂತಳು.

ಮೊದಲು ಬಂದವನು ಐಸ್‌ಡಬ್ಲ್ಯೂಎಂ. ಕೆಳಗೊಂದು ಬೂದು ಪಟ್ಟಿ, ಮೂಲೆಯಲ್ಲೊಂದು ಗುಂಡಿ, ಗಂಭೀರ ಸ್ವಭಾವ. ನೋಡುವಷ್ಟರಲ್ಲಿ ಎದ್ದು ನಿಂತ. ಅಕ್ಕ ಬಶಿ ಕೆಳಗಿಟ್ಟು ಮುಖ ಸಿಂಡರಿಸಿದಳು. "ಅಯ್ಯ, ಹಳೇ ತಾಲೂಕ ಕಚೇರಿಗಿ ಬಂದಂಗ ಆತು. ಇದು ಬ್ಯಾಡ."

ಎರಡನೆಯವನು ಐ-ತ್ರೀ. ಇವನ ರೀತಿಯೇ ಬೇರೆ. ಒಂದು ಕಿಟಕಿ ತೆರೆದರೆ ಪರದೆ ಪೂರ್ತಿ ಅದಕ್ಕೆ. ಎರಡನೆಯದು ತೆರೆದರೆ ಸರಿಯಾಗಿ ಅರ್ಧರ್ಧ. ಮೂರನೆಯದಕ್ಕೆ ಮತ್ತೆ ಪಾಲು. ಮೌಸ್ ಮುಟ್ಟುವ ಹಾಗೇ ಇಲ್ಲ, ಎಲ್ಲ ಕೀಬೋರ್ಡಿನಲ್ಲೇ. ನನಗೆ ಇವನು ಮನಸ್ಸಿಗೆ ಬಂದಿದ್ದ. ಉತಾರ, ಪತ್ರಿಕೆ, ಅರ್ಜಿ, ಪ್ರಿಂಟರಿನ ಕಿಟಕಿ ಅಂತ ತೆರೆಯುತ್ತ ಹೋದೆ. ಅಕ್ಕ ಗಲ್ಲಕ್ಕೆ ಕೈ ಹಚ್ಚಿದಳು. "ಇದು ಅಣ್ಣತಮ್ಮರು ಹೊಲ ಪಾಲ ಮಾಡ್ಕೊಂಡಂಗ ಆತಲ್ಲೇ! ಇನ್ನೊಬ್ಬಾಂವ ಹುಟ್ಟಿದ್ರ ಬದುವಿನ ಮ್ಯಾಲ ಬಾಳೇವ ಮಾಡಬೇಕ." ನೋಡಿದರೆ ನಿಜ, ನನ್ನ ಲಗ್ನಪತ್ರಿಕೆಗೆ ಬದುವಿನಷ್ಟೇ ಜಾಗ ಉಳಿದಿತ್ತು. ಮದುಮಗನ ಹೆಸರು ಕಂಡರೆ ಮದುಮಗಳದು ಕಾಣುತ್ತಿರಲಿಲ್ಲ.

"ಹಂಗಾದ್ರ ಯಾವುದ ಛಲೋ ಅಂತಿ ನೀ?" ಅಂದೆ, ತಾಳ್ಮೆ ಕಳೆದುಕೊಂಡು.

"ಎಲ್ಲಾಕಿಂತ ತಡಾ ಮಾಡಿ ಏಳೂದು ಯಾವುದದು? ಆ ಹಾರಿಸೂದು. ಅದನ್ನ ಇಟಗೋ."

ನಾನು ಬಿದ್ದು ಬಿದ್ದು ನಕ್ಕೆ. ಅಕ್ಕ ನಗಲಿಲ್ಲ. ಬಶಿಯ ಅಂಚನ್ನು ಬೆರಳಿನಿಂದ ಒರೆಸುತ್ತ ಕೂತಿದ್ದಳು. "ನಗಬ್ಯಾಡ. ಮನ್ಯಾಗ ನನಗ ಕುಂದ್ರ ಅನ್ನಾವ್ರು ಯಾರದಾರ ಹೇಳ? ಲಗ್ನ ಆಗಿ ಬಂದಾಗಿಂದ ಒಬ್ರೂ ಅಂದಿಲ್ಲ. ಇಲ್ಲಿ ಇದು ತಿರಗೂತನಕ ನಾ ಕುಂದರತೀನಿ. ಇದು ನಿಂತ್ರ ನಾ ಏಳಬೇಕ."

ಎಂದೂ ಹಾಗೆ ಮಾತಾಡಿದವಳಲ್ಲ. ಥರ್ಮಾಸಿನಲ್ಲಿ ಉಳಿದ ಚಹಾ ಪೂರ್ತಿ ಅವಳ ಬಶಿಗೆ ಸುರಿದೆ.

ಆದರೂ ಅಂಗಡಿ ಅಂಗಡಿಯೇ. ಎದುರಿನವನ ಹತ್ತಿರ ಟ್ರ್ಯಾಕ್ಟರುಗಳು ನಿಲ್ಲುತ್ತಿದ್ದವು. ಕೊನೆಗೆ ಮೂರನೆಯವನನ್ನು ತಂದೆ, ಓಪನ್‌ಬಾಕ್ಸ್. ಗುಂಡಿ ಒತ್ತಿದೆವು. ಫ್ಯಾನು ಗೊರ್ ಅಂದಿತು, ನಾನು ಥರ್ಮಾಸಿನ ಮುಚ್ಚಳಕ್ಕೆ ಕೈ ಹಾಕಿದೆ, ಅಷ್ಟರಲ್ಲಿ ಪರದೆ ಕಪ್ಪಗಾಗಿ ನಿಂತುಬಿಟ್ಟಿತು. ಪಟ್ಟಿ ಇಲ್ಲ, ಗುಂಡಿ ಇಲ್ಲ, ಗಡಿಯಾರವೂ ಇಲ್ಲ. ಕಾಡಿಗೆ ಬಳಿದಂಥ ಕಪ್ಪು.

"ಹೋತು!" ಅಕ್ಕನ ಮುಖದಲ್ಲಿ ಏನು ಸಂತೋಷ ಅಂತೀರಿ. "ಬಂದ್ ಬಿತ್ತು. ಇನ್ನ ರಿಪೇರಿ ಆಗೂತನಕ..."

"ಬಂದ್ ಬಿದ್ದಿಲ್ಲ ಅಕ್ಕಾ, ಎದ್ದೈತಿ." ಆ ಕಪ್ಪಿನ ಮೇಲೆ ಎಲ್ಲಾದರೂ ಮೌಸಿನ ಬಲಗುಂಡಿ ಒತ್ತಿದರೆ ಸಣ್ಣದೊಂದು ಪಟ್ಟಿ ಮೂಡುತ್ತಿತ್ತು, ಅದರಲ್ಲಿ ನನಗೆ ಬೇಕಾದ ಕೆಲಸಗಳ ಹೆಸರನ್ನಷ್ಟೇ ಬರೆದಿಟ್ಟಿದ್ದೆ. ಒತ್ತಿ ತೋರಿಸಿದೆ. ಉತಾರದ ಕಿಟಕಿ ಠಕ್ ಅಂತ ತೆರೆಯಿತು. ಅಕ್ಕ ಚಪ್ಪಲಿ ಹುಡುಕತೊಡಗಿದಳು. ಕೂರು ಅಂದರೂ ಕೇಳಲಿಲ್ಲ, "ಎದ್ದೈತಲ್ಲ" ಅಂದು ಹೋದಳು.

ಅದನ್ನು ನಾವಿಬ್ಬರೇ ಗುಟ್ಟಾಗಿ ಇಟ್ಟುಕೊಳ್ಳಬಹುದಿತ್ತು. ನನ್ನ ಗಂಡ ಬಿಡಬೇಕಲ್ಲ. ಅಂದು ಯಾವುದೋ ಝೆರಾಕ್ಸಿಗೆ ಅಂಗಡಿಗೆ ಬಂದು ನೋಡಿ ಹೋದವರು, ರಾತ್ರಿ ಊಟಕ್ಕೆ ಕೂತು ತಾಯಿಯ ಮುಂದೆ ನನ್ನನ್ನು ಹೊಗಳಿದರು. "ನೋಡ ಬೇ, ನಿನ್ನ ಸಣ್ಣ ಸೊಸಿ ಏನ ಹುಷಾರದಾಳ! ಈಗ ಗುಂಡಿ ಒತ್ತಿದ್ರ ಸಾಕ, ಠಕ್ ಅಂತ ಏಳತೈತಿ." ಮದುವೆಯಾದಾಗಿನಿಂದ ನನ್ನನ್ನು ಹೊಗಳದ ಮನುಷ್ಯನಿಗೆ ಆ ದಿನವೇ ಬಾಯಿ ಬರಬೇಕೆ?

ಅತ್ತೆ ರೊಟ್ಟಿ ಮುರಿಯುತ್ತ, "ಛಲೋ ಆತು. ಹಂಗಿದ್ರ ನಾಳಿಂದ ದೊಡ್ಡಾಕಿ ಹೋಗೂದ ಏನೈತಿ? ಥರ್ಮಾಸ್ ಸಣ್ಣಾಕಿ ತಾನ ಒಯ್ಯಲಿ" ಅಂದರು. ಅಕ್ಕ ಬಗ್ಗಿ ಪಲ್ಯ ಬಡಿಸುತ್ತಿದ್ದಳು. ನನ್ನ ಗಂಡನ ತಾಟಿಗೆ ಬೀಳಬೇಕಾದ ಪಲ್ಯ ನನ್ನ ತಾಟಿಗೆ ಎರಡು ಸಲ ಬಿತ್ತು.

ಮರುದಿನದಿಂದ ಉತಾರ ಲಗೂ ಲಗೂ ಹೊರಬಿದ್ದವು. ಟ್ರ್ಯಾಕ್ಟರುಗಳು ಎದುರಿನ ಅಂಗಡಿ ಬಿಟ್ಟು ನಮ್ಮ ಕಡೆ ತಿರುಗಿದವು. ನಾನು ಗೆದ್ದಿದ್ದೆ, ಆದರೆ ಥರ್ಮಾಸ್ ಮಾತ್ರ ದಿನಾ ಅರ್ಧ ತುಂಬಿಕೊಂಡೇ ಮನೆಗೆ ಮರಳುತ್ತಿತ್ತು. ಮರಾಠಿ ಪತ್ರಿಕೆಯನ್ನು ಸಂಜೆ ಮನೆಗೆ ಒಯ್ದು ಅಕ್ಕನಿಗೆ ತೋರಿಸಿದೆ. ಒಲೆಯ ಮುಂದೆ ನಿಂತವಳು, ಕೈತುಂಬ ಹಿಟ್ಟು, ಒಮ್ಮೆ ಕಣ್ಣಾಡಿಸಿ "ಐತ್ಯೇಳ, ಛಲೋನ ಐತಿ" ಅಂದಳು. ಸೋದರಮಾವಂದಿರು ಯಾರು ಮೇಲೆ ಯಾರು ಕೆಳಗೆ ಅಂತ ನೋಡಲೇ ಇಲ್ಲ. ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದರೆ ತಲೆ ಓಡುತ್ತದೆ.

ಅಂದೇ ಅತ್ತೆಯ ಮುಂದೆ ಹೋಗಿ ನಿಂತೆ. "ಅತ್ತಿ, ಕಂಪ್ಯೂಟರಿನ ಪರದೆ ಕಪ್ಪಗ ಆಗೇತ್ರಿ. ಗುಂಡಿ ಒತ್ತಿದ್ರ ಏನೂ ಕಾಣವಲ್ದು. ಮುಂಜಾನೆ ಒಬ್ಬಾಕೀನ ಕುಂತ ಹೆದರಿಕಿ ಬರತೈತಿ." ನೋಡಿ, ಹೆದರಿಕೆಯದೊಂದು ಬಿಟ್ಟರೆ ಇದರಲ್ಲಿ ಒಂದೂ ಸುಳ್ಳಿಲ್ಲ. ಪರದೆ ಕಪ್ಪಗೇ ಇತ್ತು. ಏನೂ ಕಾಣುತ್ತಲೂ ಇರಲಿಲ್ಲ. ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಅಕ್ಕನನ್ನು ಕರೆದು ಥರ್ಮಾಸ್ ತೊಳೆಯಲು ಹೇಳಿದರು.

ಮತ್ತೆ ನಮ್ಮ ರಾಜ್ಯ. ಕಪ್ಪು ಪರದೆಗೆ ಕುಂಕುಮ, ಊದುಬತ್ತಿ, ಬಶಿಯಲ್ಲಿ ಚಹಾ. ಗಿರಾಕಿ ಬಂದರೆ ಬಲಗುಂಡಿ ಒತ್ತಿ, ಉತಾರ ತೆಗೆದು ಕೊಟ್ಟು, ಕಿಟಕಿ ಮುಚ್ಚಿ, ಮತ್ತೆ ಕಪ್ಪು ಮಾಡಿಬಿಡುವುದು. ಮನೆಯವರು ಯಾರು ಇಣುಕಿದರೂ ಕಾಣುವುದು ಒಂದೇ, ಇನ್ನೂ ಏಳದ ಕಂಪ್ಯೂಟರು. ಅಕ್ಕನಿಗೆ ಓಪನ್‌ಬಾಕ್ಸ್ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. "ಇಂವ ಮಾತ್ರ ಹೇಳಿ ಮಾಡಿಸಿದಂಥಾ ವರ ನೋಡ. ಎದ್ದೂ ಎದ್ದಿಲ್ಲ ಅಂತ ಮಕ್ಕೊಂಡಿರತಾನ."

ಅಷ್ಟರಲ್ಲಿ ಒಂದು ಬೆಳಿಗ್ಗೆ, ಹೇಳದೆ ಕೇಳದೆ, ತಲೆಯ ಮೇಲೆ ಸೆರಗು ಹೊದ್ದು ಅತ್ತೆಯೇ ಬಂದರು. ನಾವಿಬ್ಬರೂ ದಡಬಡಿಸಿ ಎದ್ದೆವು. ಅವರು ಗಿರಾಕಿಗಳ ಬೆಂಚಿನ ಮೇಲೆ ಕೂತು ಪರದೆಯನ್ನೇ ದಿಟ್ಟಿಸಿದರು.

"ಏಳವಲ್ದೇನ ಇನ್ನೂ?"

"ಏಳಾಕತ್ತೈತ್ರಿ ಅತ್ತಿ," ಅಂದೆ.

"ನನಗೇನೂ ಕಾಣವಲ್ದು."

"ಒಳಗ ನಡದೈತ್ರಿ," ಅಂದಳು ಅಕ್ಕ, ಡಾಕ್ಟರಮ್ಮನಂತೆ. ಹೇಳುವಾಗ ಥರ್ಮಾಸ್ ತೆಗೆಯಲು ಕೈ ಚಾಚಿದಳು. ಆ ಗಡಿಬಿಡಿಯಲ್ಲಿ ಅವಳ ಹಸ್ತ ಮೌಸಿನ ಬಲಗುಂಡಿಯ ಮೇಲೆ ಬಿತ್ತು. ಕಪ್ಪು ಪರದೆಯ ನಟ್ಟನಡುವೆ ಪಟ್ಟಿ ಚಂಗನೆ ಎದ್ದು ನಿಂತಿತು. ನಾನು ಲಗ್ನಪತ್ರಿಕೆಗೆಂದು ಇಟ್ಟಿದ್ದ ಪಂಚಾಂಗವನ್ನು ಪರದೆಯ ಮುಂದೆ ಹಿಡಿದೆ. ಅಕ್ಕ ಅದರ ಮುಂದೆ ತಾನೇ ನಿಂತಳು.

ಸಾಲದ್ದಕ್ಕೆ ಅದೇ ಹೊತ್ತಿಗೆ ಹೊರಗೆ ಟ್ರ್ಯಾಕ್ಟರ್ ನಿಂತಿತು. ಅವತ್ತು ಎದ್ದು ಹೋಗಿದ್ದ ಅದೇ ಕಬ್ಬಿನ ಕಾಕಾ. "ತಂಗಿ, ಒಂದ ಉತಾರ ಕೊಡ. ನಮ್ಮ ಅಳಿಯಾಗ ಮೊನ್ನಿ ಠಕ್ ಅಂತ ತಗದ ಕೊಟ್ಟಿಯಂತ!"

ಹೌದು ಅಂದರೆ ಅಕ್ಕ ಮನೆಗೆ, ಇಲ್ಲ ಅಂದರೆ ಕಾಕಾ ಎದುರಿನ ಅಂಗಡಿಗೆ. ನಾನು ಎರಡನ್ನೂ ಬಿಟ್ಟು "ಅದು... ಏನಾಗೇತಂದ್ರ ಕಾಕಾ..." ಅಂತ ತೊದಲುತ್ತಿದ್ದೆ. ಉತ್ತರ ಕೊಟ್ಟವರು ಅತ್ತೆ.

"ಇನ್ನೂ ಎದ್ದಿಲ್ಲ ಅದು. ಮಷೀನ್ ಅಂದ ಮ್ಯಾಲ ಟೈಮ್ ಹಿಡಿತೈತಿ. ನೀವ ಹೋಗಿ ಭಜಿ ತಿಂದ ಬರ್ರಿ, ತಗದ ಇಟ್ಟಿರತಾಳ."

ಅತ್ತೆಯ ದನಿಗೆ ಊರಿನ ಗೌಡರೇ ಎದುರಾಡುವುದಿಲ್ಲ. ಕಾಕಾ ತಲೆ ಅಲ್ಲಾಡಿಸಿ ಭಜಿಯ ಗಾಡಿಯ ಕಡೆ ಹೋದರು. ಅತ್ತೆ ಬಶಿಗೆ ಕೈ ಚಾಚಿದರು. ಅಕ್ಕ ಚಹಾ ಸುರಿದಳು. ಒಂದು ಸಲ ಊದಿ, ಒಂದು ಗುಟುಕು ಹೀರಿ, ರಸ್ತೆಯ ಕಡೆ ನೋಡುತ್ತ ಅತ್ತೆ ಅಂದರು:

"ಗಿರಣ್ಯಾಗ ಕರೆಂಟ್ ಇರ್ತಿತ್ತು."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ದಿನಾ ಇರ್ತಿತ್ತು. ನಾವ ಹೆಣ್ಮಕ್ಕಳೆಲ್ಲಾ ಗಿರಣಿಯಾಂವಗ ಹೇಳಿ ಗಾಲಿ ಪಟ್ಟಾ ಬಿಚ್ಚಸ್ತಿದ್ವಿ, ಗಿರಣಿ ನಿಲ್ಲಲಿ ಅಂತ. ನಮ್ಮ ಅತ್ತಿಗಿ ಒಮ್ಮೆ ಸಂಶೆ ಬಂದು ನೋಡಾಕ ಬಂದಳು. ಗಿರಣಿ ನಿಂತಿದ್ದ ನೋಡಿ, ಪಾಪ, ಹೊಳ್ಳಿ ಹೋದಳು." ಇನ್ನೊಂದು ಗುಟುಕು. "ಕುಂದರಬೇಕಾಗಿತ್ತ ಆಕಿನೂ. ನಾವ್ಯಾರೂ ಅನ್ನಲಿಲ್ಲ."

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಪಂಚಾಂಗವಂತೂ ಕೈಯಿಂದ ಜಾರಿತ್ತು. ಪರದೆಯ ಮೇಲೆ ಪಟ್ಟಿ ಹಾಗೇ ನಿಂತಿತ್ತು, ಉತಾರ ಅಂತ ದೊಡ್ಡ ಅಕ್ಷರದಲ್ಲಿ. ಅತ್ತೆ ಅದನ್ನು ಓದಿದರು, ಓದಿಲ್ಲದವರಂತೆ ಮುಖ ತಿರುಗಿಸಿದರು. ನಾನು ತಲೆ ತಗ್ಗಿಸಿ ಕಾಕಾನ ಉತಾರ ತೆಗೆದೆ. ಪ್ರಿಂಟರು ಕರಕರ ಅಂದಿತು. ಆ ಸದ್ದಿಗೆ ಅಕ್ಕ ರೂಢಿಯ ಪ್ರಕಾರ ಥರ್ಮಾಸಿನ ಮುಚ್ಚಳ ತಿರುಗಿಸಿ, ಚಪ್ಪಲಿ ಮೆಟ್ಟಿ, ಮನೆಯ ಕಡೆ ಹೊರಟಳು.

ಅತ್ತೆ ಬಶಿ ಮುಂದೆ ಹಿಡಿದರು.

"ಎಲ್ಲಿಗಿ ಹೊಂಟಿ ನೀ? ಇನ್ನೂ ಎದ್ದಿಲ್ಲ ಅದು. ಕುಂದ್ರ."